ಪೆಟ್ಟಿಗೆಯ ಮೇಲೆ ಸಾವಿರ ಮೀಟರ್, ಹೊಲದಲ್ಲಿ ಇನ್ನೂರು

ದಾವಣಗೆರೆಯ ಸರಸ್ವತಿ ನಗರಕ್ಕೆ ಕೊರಿಯರ್‌ನಲ್ಲಿ ಬಂದಿಳಿದ ನೈಟ್ ವಿಷನ್ ಮಾನೋಕ್ಯುಲರನ್ನು ಪರೀಕ್ಷೆ ಮಾಡಲು ಅತ್ಯಂತ ಕೆಟ್ಟ ಜಾಗ ಸರಸ್ವತಿ ನಗರವೇ. ಡಬ್ಬಿ ಬಿಚ್ಚಿದ ಉತ್ಸಾಹದಲ್ಲಿ ಮಹಡಿ ಹತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಈ ಪುಟ್ಟ ದುರ್ಬೀನು ಹಿಡಿದವರಿಗೆ ಮೊದಲು ಕಾಣುವುದು ಬೀದಿದೀಪದ ಸುತ್ತ ಬೆಳ್ಳಗೆ ಉಕ್ಕಿದ ಬೆಳಕು. ಅದರ ಆಚೆ ಎದುರುಮನೆಯ ನೀರಿನ ಟ್ಯಾಂಕು, ಕೇಬಲ್ ವೈರು, ಒಣಗಲು ಹಾಕಿದ ಸೀರೆ. ಬರಿಗಣ್ಣಿಗೆ ಇದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಅದನ್ನು ಮತ್ತೆ ಡಬ್ಬಿಗೆ ಸೇರಿಸಿದವರುಂಟು.

ಅದೇ ಸಾಧನವನ್ನು ಅಮಾವಾಸ್ಯೆಯ ಆಸುಪಾಸಿನಲ್ಲಿ ಜಗಳೂರು ಕಡೆಯ ಮೆಕ್ಕೆಜೋಳದ ಹೊಲಕ್ಕೆ ಒಯ್ದರೆ ಕಥೆಯೇ ಬೇರೆ. ಹತ್ತಿರದ ಬಲ್ಬು ಎಲ್ಲೋ ಒಂದು ಕಿಲೊಮೀಟರ್ ದೂರ. ಬರಿಗಣ್ಣಿಗೆ ಕರಿ ಗೋಡೆಯಂತಿದ್ದ ಕಡೆ ಬದು, ಬದುವಿನ ಜಾಲಿಗಿಡ, ಸಾಲುಗಳ ನಡುವೆ ತಲೆ ತಗ್ಗಿಸಿ ಸಾಗುವ ಹಂದಿ ಹಿಂಡು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ತೆನೆ ಹಾಲುಗಟ್ಟುವ ಹೊತ್ತಿಗೆ ಈ ಜಿಲ್ಲೆಯ ರೈತರ ನಿದ್ದೆ ಕೆಡಿಸುವುದು ಈ ಹಿಂಡುಗಳೇ. ಅಟ್ಟಣೆ ಹಾಕಿ, ಡಬ್ಬ ಬಡಿದು, ಪಟಾಕಿ ಸಿಡಿಸಿ, ಟಾರ್ಚು ಬೀಸಿ ರಾತ್ರಿ ಕಳೆಯುವವರಿಗೆ ಹಂದಿ ಯಾವ ಮೂಲೆಯಿಂದ ಒಳಬಂತು ಎಂಬುದು ಮೊದಲೇ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ರಾತ್ರಿಯೇ ಬಂದಾಗ ಕಣದಿಂದ ಬಾವಿಯವರೆಗೆ ಕತ್ತಲಲ್ಲಿ ನಡೆಯಬೇಕಾದವರ ಕಷ್ಟವೂ ಇದರ ಜೊತೆಗಿದೆ. ಕರಡಿಯ ಭಯವಿರುವ ಊರುಗಳಲ್ಲಂತೂ ಆ ನಡಿಗೆ ಸಲೀಸಲ್ಲ.

ಹೀಗಾಗಿ ಹಿಂದೆ ಸೈನಿಕರ ಕೈಯಲ್ಲಷ್ಟೇ ಇದ್ದ ವಸ್ತು ಈಗ ಹಕ್ಕಿ ನೋಡುವವರ ಚೀಲಕ್ಕೂ ತೋಟದ ಮನೆಯ ಗೂಟಕ್ಕೂ ಬಂದಿದೆ. ಬಂದಷ್ಟು ಬೇಗ ಕೆಟ್ಟು ಮೂಲೆ ಸೇರುತ್ತಿದೆ ಕೂಡ. ತಪ್ಪು ಬಹುಪಾಲು ಸಾಧನದ್ದಲ್ಲ. ಯಾವುದನ್ನು ಕೊಳ್ಳುತ್ತಿದ್ದೇವೆ, ಅದು ಏನನ್ನು ನೋಡುತ್ತದೆ ಎಂಬುದು ಕೊಳ್ಳುವವರಿಗೂ ಮಾರುವವರಿಗೂ ಸ್ಪಷ್ಟವಿರುವುದಿಲ್ಲ.

ಲೆಕ್ಕದಿಂದಲೇ ಶುರು ಮಾಡಬಹುದು. ಬೀದಿದೀಪದ ಕೆಳಗೆ ಸುಮಾರು 10 ಲಕ್ಸ್ ಬೆಳಕಿರುತ್ತದೆ. ತಿಳಿ ಹುಣ್ಣಿಮೆಯ ರಾತ್ರಿ ಹೆಚ್ಚೆಂದರೆ ಕಾಲು ಲಕ್ಸ್. ಚಂದ್ರನಿಲ್ಲದ, ನಕ್ಷತ್ರ ಮಾತ್ರ ಇರುವ ರಾತ್ರಿಯಲ್ಲಿ ಒಂದು ಲಕ್ಸ್‌ನ ಸಾವಿರದ ಒಂದು ಪಾಲು. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಒಗ್ಗಿದ ಮೇಲೂ ನಕ್ಷತ್ರದ ಬೆಳಕಿನಲ್ಲಿ ಅದಕ್ಕೆ ಕಾಣುವುದು ಆಕಾರವಷ್ಟೆ. ಈ ಅಲ್ಪ ಬೆಳಕನ್ನೇ ಹಿಗ್ಗಿಸಿ ತೋರಿಸುವುದು ಮೊದಲ ಬಗೆಯ ಸಾಧನ.

ಅದರ ಹೃದಯ ಒಂದು ನಿರ್ವಾತ ಕೊಳವೆ. ಮುಂದಿನ ಮಸೂರದಿಂದ ಬಂದ ಬೆಳಕು ಫೋಟೊಕ್ಯಾಥೋಡ್ ಎಂಬ ಪದರಕ್ಕೆ ಬಿದ್ದಾಗ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಸಾವಿರಾರು ವೋಲ್ಟ್‌ಗಳ ಒತ್ತಡ ಅವನ್ನು ವೇಗವಾಗಿ ಎಳೆದು ಹಿಂದಿನ ಫಾಸ್ಫರ್ ಪರದೆಗೆ ಅಪ್ಪಳಿಸುತ್ತದೆ, ಪರದೆ ಹಸಿರಾಗಿ ಬೆಳಗುತ್ತದೆ. ಹಸಿರೇ ಏಕೆ? ಮನುಷ್ಯನ ಕಣ್ಣಿಗೆ ಹಸಿರಿನಲ್ಲಿ ಸೂಕ್ಷ್ಮತೆ ಹೆಚ್ಚು. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಂಪನಿಯ ಹೋಲ್ಸ್ಟ್ ಮತ್ತು ಸಂಗಡಿಗರು 1934ರ ಸುಮಾರಿಗೆ ಕಟ್ಟಿದ ಚಿತ್ರಪರಿವರ್ತಕ ಕೊಳವೆ ಈ ವಂಶದ ಹಿರಿಯ. ವಿಯೆಟ್ನಾಂ ಯುದ್ಧದ ಹೊತ್ತಿಗೆ ನಕ್ಷತ್ರದ ಬೆಳಕಿನಲ್ಲೇ ಕೆಲಸ ಮಾಡುವ ಮೊದಲ ತಲೆಮಾರು ಬಂತು. ಲಕ್ಷಾಂತರ ಸೂಕ್ಷ್ಮ ರಂಧ್ರಗಳ ಗಾಜಿನ ಬಿಲ್ಲೆಯೊಂದನ್ನು ನಡುವೆ ಕೂರಿಸಿ ಎಲೆಕ್ಟ್ರಾನುಗಳನ್ನು ಸಾವಿರಾರು ಪಟ್ಟು ಹೆಚ್ಚಿಸುವುದು ಎರಡನೆಯದು, ಕ್ಯಾಥೋಡ್‌ಗೆ ಗ್ಯಾಲಿಯಂ ಆರ್ಸೆನೈಡ್ ಬಳಸುವುದು ಮೂರನೆಯದು.

ಕನ್ನಡ ನಾಡಿಗೂ ಈ ಕೊಳವೆಗೂ ನಂಟಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ನಮ್ಮ ಸೇನೆಗೆ ಇಂಥ ಸಾಧನಗಳನ್ನು ಪೂರೈಸುತ್ತ ಬಂದಿದೆ. 1983ರಲ್ಲಿ ಅದು ವಹಿಸಿಕೊಂಡ ಮಚಲೀಪಟ್ಟಣದ ಹಳೆಯ ವೈಜ್ಞಾನಿಕ ಉಪಕರಣಗಳ ಕಾರ್ಖಾನೆ ಈಗ ರಾತ್ರಿ ದುರ್ಬೀನುಗಳ ಘಟಕ. ಕೊಳವೆಗಳು ತಯಾರಾಗುವುದು ಪುಣೆಯಲ್ಲಿ. ಉತ್ತಮ ದರ್ಜೆಯ ಕೊಳವೆಗಳ ರಫ್ತಿಗೆ ಅಮೆರಿಕದಲ್ಲಿ ಶಸ್ತ್ರಾಸ್ತ್ರಗಳಷ್ಟೇ ಬಿಗಿ ಕಾನೂನಿದೆ. ಆದ್ದರಿಂದ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಯಾವುದಾದರೂ ‘ಮಿಲಿಟರಿ ಗ್ರೇಡ್’ ಎಂದು ಬರೆದುಕೊಂಡಿದ್ದರೆ ಆ ಎರಡು ಪದಗಳನ್ನು ಓದದೆ ಮುಂದೆ ಹೋಗುವುದು ಒಳ್ಳೆಯದು.

ಕೆಲವು ಸಾವಿರ ರೂಪಾಯಿಗೆ ಮನೆಬಾಗಿಲಿಗೆ ಬರುವುದು ಬಹುತೇಕ ಎರಡನೆಯ ಬಗೆ, ಡಿಜಿಟಲ್. ಅದರೊಳಗೆ ಮೊಬೈಲ್‌ನಲ್ಲಿರುವಂಥ ಕ್ಯಾಮೆರಾ ಸೆನ್ಸರ್, ಕಣ್ಣಿನ ಕಡೆ ಪುಟ್ಟ ಪರದೆ, ಮುಂದೆ ಇನ್‌ಫ್ರಾರೆಡ್ ಟಾರ್ಚು. ನಮಗೆ ಕಾಣದ ಆ ಬೆಳಕು ಹೋಗಿ ಪ್ರಾಣಿಗೆ ಬಡಿದು ಹಿಂತಿರುಗಿದ್ದನ್ನು ಸೆನ್ಸರ್ ಹಿಡಿಯುತ್ತದೆ. ಮೂರನೆಯ ಬಗೆ ಥರ್ಮಲ್. ಅದಕ್ಕೆ ಬೆಳಕಿನ ಗೊಡವೆಯೇ ಇಲ್ಲ; ಪ್ರತಿ ವಸ್ತುವೂ ಹೊರಸೂಸುವ ಶಾಖದ ಅಲೆಗಳನ್ನು, ಸುಮಾರು 8ರಿಂದ 14 ಮೈಕ್ರಾನ್ ಉದ್ದದವನ್ನು, ಹಿಡಿದು ಚಿತ್ರ ಮಾಡುತ್ತದೆ. ಬೆಲೆ ಲಕ್ಷದ ಆಸುಪಾಸು, ಒಳ್ಳೆಯದಾದರೆ ಇನ್ನೂ ಮೇಲೆ.

ಇನ್ನು ಪೆಟ್ಟಿಗೆಯ ಮೇಲಿನ ಅಂಕಿ. ‘1000 ಮೀಟರ್‌ವರೆಗೆ’ ಎಂದು ಬರೆದಿರುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಮೆರಿಕ ಸೇನೆಯ ಪ್ರಯೋಗಾಲಯದಲ್ಲಿದ್ದ ಜಾನ್ ಜಾನ್ಸನ್ 1958ರಲ್ಲಿ ಕೊಟ್ಟ ಮಾನದಂಡ ಇಂದಿಗೂ ಚಾಲ್ತಿಯಲ್ಲಿದೆ. ಅಲ್ಲೇನೋ ಇದೆ ಎಂದು ಪತ್ತೆಯಾಗಲು ವಸ್ತುವಿನ ಎತ್ತರಕ್ಕೆ ಕನಿಷ್ಠ 2 ಪಿಕ್ಸೆಲ್ ಸಾಕು. ಅದು ದನವೋ ಮನುಷ್ಯನೋ ಎಂದು ತಿಳಿಯಲು ಸುಮಾರು 8 ಬೇಕು. ಇಂಥದ್ದೇ ಎಂದು ಖಚಿತವಾಗಲು ಸುಮಾರು 13. ಮಾರುವವರು ಪೆಟ್ಟಿಗೆಯ ಮೇಲೆ ಹಾಕುವುದು ಮೊದಲನೆಯದನ್ನು.

ಈ ಲೆಕ್ಕವನ್ನು ನಮ್ಮ ಜಿಲ್ಲೆಯದೇ ಪ್ರಾಣಿಗೆ ಹಾಕಿ ನೋಡಬಹುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. ನಾಲ್ಕು ಕೊಂಬಿನ ಈ ಕುರಂಗದ ಭುಜದೆತ್ತರ ಸುಮಾರು 60 ಸೆಂಟಿಮೀಟರ್. 12 ಮೈಕ್ರಾನ್ ಪಿಕ್ಸೆಲ್, 35 ಮಿಲಿಮೀಟರ್ ಮಸೂರದ ಒಳ್ಳೆಯ ಥರ್ಮಲ್ ಮಾನೋಕ್ಯುಲರ್‌ನಲ್ಲಿ ಸಾವಿರ ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ 34 ಸೆಂಟಿಮೀಟರ್ ಜಾಗವನ್ನು ನುಂಗುತ್ತದೆ. ಅಂದರೆ ಆ ದೂರದ ಕೊಂಡುಕುರಿ ಎರಡು ಪಿಕ್ಸೆಲ್ ಕೂಡ ತುಂಬದ ಬಿಳಿ ಚುಕ್ಕೆ. ಅದು ಜಿಂಕೆಯಂಥ ಪ್ರಾಣಿ ಎಂದು ಹೇಳಬೇಕಾದರೆ 220 ಮೀಟರ್‌ಗೆ ಬರಬೇಕು, ಕೊಂಡುಕುರಿಯೇ ಎನ್ನಲು 135 ಮೀಟರ್‌ಗೆ. ಅಗ್ಗದ ಸಾಧನಗಳಲ್ಲಿ ಈ ದೂರಗಳು ಇನ್ನೂ ಕುಗ್ಗುತ್ತವೆ. (ಕೊಂಡುಕುರಿ ಹೆಚ್ಚಾಗಿ ಹಗಲು ಓಡಾಡುವ ಸಂಕೋಚದ ಪ್ರಾಣಿ. ಅದನ್ನು ನೋಡಲೆಂದೇ ನೈಟ್ ವಿಷನ್ ಕೊಳ್ಳುವವರು ಸಾಧಾರಣ ದುರ್ಬೀನು ಕೊಂಡು ಬೆಳಗ್ಗೆ ಬೇಗ ಏಳುವುದು ಲಾಭ.)

ಹೊಲ ಕಾಯುವವರಿಗೆ ಈ ವ್ಯತ್ಯಾಸ ಜೀವದ ಪ್ರಶ್ನೆ. ಮುನ್ನೂರು ಮೀಟರ್ ಆಚೆಯ ಬೆಚ್ಚನೆಯ ಗುಂಡಗಿನ ಆಕೃತಿ ಹಂದಿಯೂ ಇರಬಹುದು, ಚೆಂಬು ಹಿಡಿದು ಬಂದು ಕೂತ ಮನುಷ್ಯನೂ ಇರಬಹುದು. ಪರದೆಯ ಮೇಲಿನ ಚುಕ್ಕೆ ನೋಡಿ ಕಲ್ಲು ಬೀಸುವುದಾಗಲಿ, ಪಟಾಕಿ ಎಸೆಯುವುದಾಗಲಿ ಸಲ್ಲದು.

ಥರ್ಮಲ್ ಕೊಂಡವರು ಕತ್ತಲಾಗುತ್ತಿದ್ದಂತೆ ಹೊರಟು ಪೆಚ್ಚಾಗುವುದೂ ಉಂಟು. ಕೊಂಡಜ್ಜಿಯ ಗುಡ್ಡಗಳಂಥ ಕಲ್ಲುಬಂಡೆಯ ನೆಲದಲ್ಲಿ ಹಗಲೆಲ್ಲ ಕಾದ ಬಂಡೆ ರಾತ್ರಿ ಎಷ್ಟೋ ಹೊತ್ತು ಬೆಚ್ಚಗಿರುತ್ತದೆ. ಏಪ್ರಿಲ್‌ನ 40 ಡಿಗ್ರಿಯ ಹಗಲಿನ ನಂತರ ಏಳು ಗಂಟೆಗೆ ನೋಡಿದರೆ ಬಂಡೆಯೂ ಬೆಳ್ಳಗೆ, ಕರಡಿಯೂ ಬೆಳ್ಳಗೆ. ಪ್ರಾಣಿಯ ಮೈ ಮತ್ತು ಹಿನ್ನೆಲೆಯ ನಡುವೆ ಶಾಖದ ಅಂತರ ಹೆಚ್ಚುವುದು ನೆಲ ತಣ್ಣಗಾದ ಮೇಲೆ. ಬೆಳಗಿನ ಜಾವ ನಾಲ್ಕರಿಂದ ಸೂರ್ಯ ಹುಟ್ಟುವವರೆಗಿನ ಹೊತ್ತು ಅದಕ್ಕೆ ಪ್ರಶಸ್ತ. ಗಾಜಿನ ಮೂಲಕ ಥರ್ಮಲ್ ನೋಡಲಾರದು. ಕಾರಿನ ಕಿಟಕಿ ಏರಿಸಿಕೊಂಡು ನೋಡಿದರೆ ಕಾಣುವುದು ನಮ್ಮದೇ ಮುಖದ ಪ್ರತಿಬಿಂಬ. ದಟ್ಟ ಎಲೆಯ ಹಿಂದೆ ಕೂತ ಪ್ರಾಣಿಯೂ ಅದಕ್ಕೆ ಸಿಗದು. ಉಪಕರಣವಿದ್ದ ಮಾತ್ರಕ್ಕೆ ಅಡಗಿದ ಪ್ರಾಣಿ ಸಿಗುವುದಿಲ್ಲ ಎಂಬುದಕ್ಕೆ ಉದಾಹರಣೆಯೂ ಇದೆ. 2024ರ ಡಿಸೆಂಬರ್ 31ರ ನಸುಕಿನಲ್ಲಿ ಮೈಸೂರಿನ ಇನ್ಫೊಸಿಸ್ ಆವರಣದ ಸಿಸಿಟಿವಿಯಲ್ಲಿ ಚಿರತೆ ಕಂಡಾಗ ಅರಣ್ಯ ಇಲಾಖೆಯವರು ಬೋನು, ಕ್ಯಾಮೆರಾ, ಡ್ರೋನ್ ಎಲ್ಲ ಹಿಡಿದು ದಿನಗಟ್ಟಲೆ ಹುಡುಕಿದರು. ಚಿರತೆ ಕೈಗೆ ಸಿಗಲಿಲ್ಲ. ಇನ್ನು ಹಾವು: ಅದರ ಮೈ ನೆಲದಷ್ಟೇ ತಣ್ಣಗಿರುವುದರಿಂದ ಥರ್ಮಲ್ ನಂಬಿ ಬದುವಿನ ಮೇಲೆ ಕಾಲಿಡುವಂತಿಲ್ಲ. ಕಾಲಿಗೆ ಬೂಟು, ಕೈಯಲ್ಲಿ ಟಾರ್ಚು ಇದ್ದೇ ಇರಬೇಕು.

ಡಿಜಿಟಲ್ ಸಾಧನದ ಕಾಟ ಬೇರೆ. ಮೆಕ್ಕೆಜೋಳದ ಸಾಲಿನೊಳಗೆ ನಿಂತು ಇನ್‌ಫ್ರಾರೆಡ್ ಟಾರ್ಚು ಹಾಕಿದರೆ ಎರಡಡಿ ಮುಂದಿನ ಗರಿ ಉರಿಯುವಷ್ಟು ಬೆಳ್ಳಗೆ ಕಾಣುತ್ತದೆ. ಸೆನ್ಸರ್ ಆ ಬೆಳಕಿಗೆ ಹೊಂದಿಕೊಂಡು ಹಿಂದಿನದೆಲ್ಲ ಕಪ್ಪಾಗುತ್ತದೆ. ಬದುವಿನ ತುದಿಗೆ ಬಂದು, ಎದುರಿಗೆ ಯಾವ ಎಲೆಯೂ ಇಲ್ಲದಂತೆ ನಿಂತು ನೋಡಬೇಕು. ಚಳಿಗಾಲದಲ್ಲಿ ಹರಿಹರದ ಹೊಳೆದಂಡೆಯಲ್ಲಿ ತುಂಗಭದ್ರೆಯ ಮೇಲೆ ಮಂಜು ಕವಿದಾಗಲೂ ಇದೇ ಗೋಳು, ಟಾರ್ಚಿನ ಬೆಳಕು ಮಂಜಿಗೇ ಬಡಿದು ಹಿಂದಕ್ಕೆ ಬರುತ್ತದೆ. ಆಗ ಟಾರ್ಚು ಕಡಿಮೆ ಮಾಡುವುದೇ ಉಪಾಯ. ಕೊಳ್ಳುವಾಗ ಟಾರ್ಚಿನ ಅಲೆಯುದ್ದ ಕೇಳಿ ನೋಡಬೇಕು. 850 ನ್ಯಾನೊಮೀಟರ್‌ನದು ದೂರ ಹೋಗುತ್ತದೆ, ಆದರೆ ಎದುರಿನಿಂದ ನೋಡಿದರೆ ಮಂದ ಕೆಂಪು ಕಿಡಿ ಕಾಣುತ್ತದೆ. 940ರದು ಕಾಣುವುದಿಲ್ಲ, ವ್ಯಾಪ್ತಿ ಕಡಿಮೆ.

ಫೋಕಸ್ ಮಾಡುವುದರಲ್ಲಿ ಹೊಸಬರು ಎಡವುತ್ತಾರೆ. ಈ ಸಾಧನದಲ್ಲಿ ತಿರುಗಿಸುವ ಬಳೆ ಎರಡು. ಕಣ್ಣಿನ ಕಡೆಯದನ್ನು ಮೊದಲು ತಿರುಗಿಸಿ, ದೃಶ್ಯದ ಕಡೆ ಗಮನ ಕೊಡದೆ, ಪರದೆಯ ಮೇಲಿನ ಅಕ್ಷರ ಅಥವಾ ಕಾಳುಗಳು ಚುರುಕಾಗಿ ಕಾಣುವಂತೆ ಮಾಡಿಕೊಳ್ಳಬೇಕು. ಅದು ಆಯಾ ಮನುಷ್ಯನ ಕಣ್ಣಿನ ನಂಬರಿಗೆ ಸಂಬಂಧಿಸಿದ್ದು, ಒಮ್ಮೆ ಕೂತರೆ ಮುಗಿಯಿತು. ಆಮೇಲೆ ಮುಂದಿನ ಬಳೆಯಿಂದ ದೂರಕ್ಕೆ ಹೊಂದಿಸಬೇಕು. ಈ ಕ್ರಮ ತಿರುವುಮುರುವಾದರೆ ರಾತ್ರಿಯಿಡೀ ತಿರುಗಿಸುತ್ತ ಕೂರುವುದೇ ಆಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸಾಧ್ಯವಾದರೆ ಮರಕ್ಕೋ ಬೈಕಿನ ಸೀಟಿಗೋ ಆನಿಸಿ ಹಿಡಿದರೆ ಚಿತ್ರ ನಿಲ್ಲುತ್ತದೆ. ನೋಡಿದ ಕಣ್ಣಿಗೆ ಪರದೆಯ ಬೆಳಕಿನಿಂದ ಸ್ವಲ್ಪ ಹೊತ್ತು ಮಬ್ಬು ಕವಿಯುತ್ತದೆ. ಬಲಗಣ್ಣು ಬಲವಾದವರು ಎಡಗಣ್ಣಿನಲ್ಲಿ ನೋಡಿದರೆ ಬಲಗಣ್ಣು ಕತ್ತಲಿಗೆ ಒಗ್ಗಿದ ಹಾಗೇ ಉಳಿದು ಕಾಲುದಾರಿ ನೋಡಿಕೊಳ್ಳಲು ಆಗುತ್ತದೆ. ಒಂದೇ ಕಣ್ಣಿಗೆ ಆಳ ಅಂದಾಜಾಗದು. ಹಾಗಾಗಿ ಇದನ್ನು ಕಣ್ಣಿಗಿಟ್ಟುಕೊಂಡು ನಡೆಯುವುದೂ ಬೈಕ್ ಓಡಿಸುವುದೂ ಸಲ್ಲದು. ನಿಲ್ಲಬೇಕು, ನೋಡಬೇಕು, ಇಳಿಸಬೇಕು, ನಡೆಯಬೇಕು.

ಥರ್ಮಲ್‌ನಲ್ಲಿ ಆಗಾಗ ‘ಕಟಕ್’ ಎಂಬ ಸದ್ದಾಗಿ ಚಿತ್ರ ಕ್ಷಣಕಾಲ ನಿಂತುಬಿಡುತ್ತದೆ. ಕೆಟ್ಟಿತೆಂದು ಅಂಗಡಿಗೆ ಒಯ್ಯಬೇಕಿಲ್ಲ. ಒಳಗಿನ ಪುಟ್ಟ ಬಾಗಿಲು ಮುಚ್ಚಿಕೊಂಡು ಸೆನ್ಸರ್ ತನ್ನ ಪಿಕ್ಸೆಲ್‌ಗಳನ್ನು ಸರಿಹೊಂದಿಸಿಕೊಳ್ಳುವ ಸದ್ದು ಅದು. ಕೊಳವೆ ಸಾಧನದ ಪರದೆಯಲ್ಲಿ ಕಾಣುವ ಒಂದೆರಡು ಸಣ್ಣ ಕಪ್ಪು ಚುಕ್ಕೆಗಳೂ ತಯಾರಿಕೆಯಲ್ಲೇ ಬಂದವು, ಬೆಳೆಯದಿದ್ದರೆ ಚಿಂತೆಯಿಲ್ಲ.

ಮೂರೂ ಬಗೆಗೆ ಸಮಾನ ಶತ್ರು ಸೂರ್ಯ. ಕೊಳವೆಯ ಫೋಟೊಕ್ಯಾಥೋಡ್ ಹಗಲು ಬೆಳಕಿಗೇ ಸುಟ್ಟುಹೋಗುತ್ತದೆ. ಅದಕ್ಕಾಗಿಯೇ ಮುಚ್ಚಳದ ನಡುವೆ ಸೂಜಿಮೊನೆಯ ತೂತು ಬಿಟ್ಟಿರುತ್ತಾರೆ. ಹಗಲಲ್ಲಿ ಪರೀಕ್ಷಿಸುವುದಿದ್ದರೆ ಮುಚ್ಚಳ ತೆಗೆಯದೆ ಆ ತೂತಿನಿಂದಲೇ ನೋಡಬೇಕು. ಡಿಜಿಟಲ್ ಹಗಲಲ್ಲೂ ಕೆಲಸ ಮಾಡುತ್ತದೆ ನಿಜ, ಆದರೆ ಮಸೂರವನ್ನು ನೇರ ಸೂರ್ಯನತ್ತ ತಿರುಗಿಸಿದರೆ ಸೆನ್ಸರ್‌ಗೆ ಸುಟ್ಟ ಗಾಯ ಖಂಡಿತ. ಥರ್ಮಲ್‌ನ ಸೆನ್ಸರ್‌ಗೂ ಇದೇ ಗತಿ, ಆಫ್ ಆಗಿದ್ದಾಗಲೂ. ಗಣಪತಿ ವಿಸರ್ಜನೆಯ ಡಿಜೆ ಮೆರವಣಿಗೆಯಲ್ಲಿ ಬೀಸುವ ಲೇಸರ್ ಕಿರಣಗಳು ಮೊಬೈಲ್ ಕ್ಯಾಮೆರಾಗಳನ್ನೇ ಕೆಡಿಸಿರುವುದುಂಟು. ಅಲ್ಲಿಗೆ ಇದನ್ನು ಒಯ್ಯುವ ಅಗತ್ಯವಾದರೂ ಏನು?

ದಾವಣಗೆರೆಗೆ ವಿಶೇಷವಾದ ಶತ್ರು ಧೂಳು. ಮಂಡಕ್ಕಿ ಭಟ್ಟಿಗಳ ಮಸಿ, ಅಕ್ಕಿ ಗಿರಣಿಯ ಹೊಟ್ಟು, ಸುಗ್ಗಿಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರ ಎಬ್ಬಿಸುವ ರವದಿ, ಇವೆಲ್ಲ ಮಸೂರದ ಮೇಲೆ ಕೂರುತ್ತವೆ. ಕೂತದ್ದನ್ನು ಪಂಚೆಯ ತುದಿಯಿಂದಲೋ ಅಂಗಿಯ ಚುಂಗಿನಿಂದಲೋ ಒರೆಸುವುದು ನಮ್ಮವರ ಅಭ್ಯಾಸ. ಹೊಟ್ಟಿನಲ್ಲಿ ಸಿಲಿಕಾ ಇರುತ್ತದೆ, ಹೊಲದ ಧೂಳಿನಲ್ಲಿ ಮರಳಿನ ಕಣ. ಬಟ್ಟೆಯಿಂದ ಉಜ್ಜಿದಾಗಲೆಲ್ಲ ಮಸೂರದ ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ರಬ್ಬರ್ ಬುರುಡೆಯ ಬ್ಲೋವರ್‌ನಿಂದ ಊದಬೇಕು, ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಆಮೇಲೆ ಮೆತ್ತನೆಯ ಲೆನ್ಸ್ ಬ್ರಷ್. ಬೆರಳಿನ ಗುರುತು ಉಳಿದಿದ್ದರಷ್ಟೇ ಮೈಕ್ರೊಫೈಬರ್ ಬಟ್ಟೆಗೆ ಎರಡು ಹನಿ ಲೆನ್ಸ್ ದ್ರಾವಣ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಬೇಕು. ದ್ರಾವಣವನ್ನು ನೇರ ಮಸೂರಕ್ಕೆ ಸುರಿದರೆ ಅಂಚಿನ ಸಂದಿಯಿಂದ ಒಳಗಿಳಿಯುತ್ತದೆ. ಥರ್ಮಲ್‌ನ ಮಸೂರ ಗಾಜಿನದಲ್ಲ, ಜರ್ಮೇನಿಯಂನದು. ನೋಡಲು ಕನ್ನಡಿಯಂತೆ ಹೊಳೆಯುವ ಅದನ್ನು ಬದಲಿಸುವ ಖರ್ಚು ಕೇಳಿದರೆ ಸಾಧನವನ್ನೇ ಹೊಸದಾಗಿ ಕೊಳ್ಳುವ ಮನಸ್ಸಾಗುತ್ತದೆ. ಮುಚ್ಚಳ ಕಳೆದುಹೋಗದಂತೆ ದಾರ ಕಟ್ಟಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಆರೈಕೆ.

ಮಳೆಗಾಲದಲ್ಲಿ ಬೂಷ್ಟಿನ ಕಾಟ. ಮಸೂರಗಳ ನಡುವೆ ಜೇಡರ ಬಲೆಯಂತೆ ಹಬ್ಬುವ ಶಿಲೀಂಧ್ರವನ್ನು ಹೊರಗಿನಿಂದ ಒರೆಸಿ ತೆಗೆಯಲಾಗದು. ಬಯಲುಸೀಮೆಯಲ್ಲಿ ಇದರ ಹಾವಳಿ ಕಡಿಮೆ, ಚನ್ನಗಿರಿಯ ಅಡಿಕೆ ತೋಟಗಳಿಂದ ಆಚೆ ಮಲೆನಾಡಿನತ್ತ ಹೋದಷ್ಟೂ ಜಾಸ್ತಿ. ಚರ್ಮದ ಚೀಲದಲ್ಲಿ ಮುಚ್ಚಿಡುವುದೇ ಬೂಷ್ಟಿಗೆ ಆಹ್ವಾನ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಪೊಟ್ಟಣದ ಕಾಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿಕೊಂಡರೆ ಸಾಕು. ಎಸಿ ಕಾರಿನಿಂದ ತೇವದ ಗಾಳಿಗೆ ತೆಗೆದ ಕೂಡಲೇ ಮಸೂರ ಬೆವರುತ್ತದೆ. ಒರೆಸದೆ, ಚೀಲದೊಳಗೇ ಹತ್ತಿಪ್ಪತ್ತು ನಿಮಿಷ ಬಿಟ್ಟು ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಬಿಡಬೇಕು.

ಬ್ಯಾಟರಿಯ ವಿಷಯದಲ್ಲಿ ಹೇಳಬೇಕಾದ್ದು ಎರಡೇ. ಸಾಧಾರಣ ಪೆನ್ಸಿಲ್ ಸೆಲ್ ಹಾಕುವಂಥದ್ದಾದರೆ, ಬಳಸದ ದಿನಗಳಲ್ಲಿ ಸೆಲ್ ಹೊರತೆಗೆದಿಡಬೇಕು. ಸೋರಿದ ಸೆಲ್‌ನ ಬಿಳಿ ಪುಡಿ ತಿಂದುಹಾಕಿದ ಸಾಧನಗಳು ಕಡಿಮೆಯಿಲ್ಲ. ಒಳಗೇ ಚಾರ್ಜ್ ಆಗುವ ಲಿಥಿಯಂ ಬ್ಯಾಟರಿಯಾದರೆ, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮರೆತು ಹೋಗಬಾರದು. 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜಿಗೂ ಹಾಕಬಾರದು.

ಸಾಧನ ಕೈಯಲ್ಲಿದ್ದ ಮಾತ್ರಕ್ಕೆ ಕಾಡು ನಮ್ಮದಾಗುವುದಿಲ್ಲ. ರಂಗಯ್ಯನದುರ್ಗಕ್ಕಾಗಲಿ, ಹರಿಹರದಿಂದ ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮಕ್ಕಾಗಲಿ ಅನುಮತಿಯಿಲ್ಲದೆ ಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಡುರಾತ್ರಿ ನೈಟ್ ವಿಷನ್ ಹಿಡಿದು ಸಿಕ್ಕಿಬಿದ್ದವರನ್ನು ಅರಣ್ಯ ಸಿಬ್ಬಂದಿ ಮೊದಲು ಶಂಕಿಸುವುದು ಬೇಟೆಗಾರರೆಂದೇ, ಅವರ ಶಂಕೆಯಲ್ಲಿ ತಪ್ಪೂ ಇಲ್ಲ. ಬೆಂಗಳೂರು, ತುಮಕೂರು ಕಡೆ ಕಾಡುಪಾಪವನ್ನು ಹುಡುಕುವ ಅಧ್ಯಯನಕಾರರು ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಳ್ಳುತ್ತಾರೆ, ಆ ದೊಡ್ಡ ಕಣ್ಣುಗಳಿಗೆ ಬಿಳಿ ಬೆಳಕು ಹಿಂಸೆ ಎಂಬ ಕಾರಣಕ್ಕೆ. ನೈಟ್ ವಿಷನ್‌ನ ನಿಜವಾದ ಅನುಕೂಲ ಇಲ್ಲಿದೆ. ದಾರಿಯ ಮೇಲೆ ಕೂತ ನತ್ತಿಂಗ ಹಕ್ಕಿಯನ್ನೋ ಮರದ ಗೂಬೆಯನ್ನೋ ಕಣ್ಣು ಕೋರೈಸದೆ, ಎಬ್ಬಿಸದೆ ನೋಡಬಹುದು.

ಇನ್ನೊಂದು ಎಚ್ಚರಿಕೆ ಊರೊಳಗಿನವರಿಗೆ. ಮಹಡಿಯ ಮೇಲಿಂದ ಎದುರುಮನೆಯ ಕಿಟಕಿಯತ್ತ ಇದನ್ನು ತಿರುಗಿಸುವುದು ಚೇಷ್ಟೆಯಲ್ಲ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಜೈಲಿಗೆ ಕಳಿಸುವ ಅಪರಾಧ.

ಹಾಗಾದರೆ ಯಾರಿಗೆ ಯಾವುದು? ಹಕ್ಕಿ, ಸಣ್ಣ ಪ್ರಾಣಿ ನೋಡುವ ಹವ್ಯಾಸಕ್ಕೆ ಸಾಧಾರಣ ಡಿಜಿಟಲ್ ಸಾಕು. ನೂರು ಮೀಟರ್ ಒಳಗೆ ಅದು ಕೊಡುವ ವಿವರ, ಗರಿಯ ಗೆರೆಯನ್ನೂ ಸೇರಿಸಿ, ಥರ್ಮಲ್ ಕೊಡದು. ಹಂದಿ, ಕರಡಿಯ ಕಾಟವಿರುವ ಹೊಲಕ್ಕೆ ಥರ್ಮಲ್ಲೇ ಸರಿ, ಆದರೆ ಆ ಬೆಲೆಯನ್ನು ಒಬ್ಬ ರೈತ ಹೊರುವುದಕ್ಕಿಂತ ಅಕ್ಕಪಕ್ಕದ ನಾಲ್ಕೈದು ಹೊಲದವರು ಸೇರಿ ಒಂದನ್ನು ಕೊಂಡು ಸರದಿಯ ಮೇಲೆ ಕಾವಲಿಗೆ ಬಳಸುವುದು ಜಾಣತನ. ಕೊಳ್ಳುವ ಮುಂಚೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಿಕೊಳ್ಳಬೇಡಿ. ವಾಪಸು ಕೊಡುವ ಅವಧಿ ಎಷ್ಟು ದಿನವೆಂದು ಬರೆಸಿಕೊಂಡು, ಅಷ್ಟರೊಳಗೆ ಒಂದು ಕತ್ತಲ ರಾತ್ರಿ ನಿಮ್ಮದೇ ಹೊಲದಲ್ಲಿ, ನೂರು ಮತ್ತು ಇನ್ನೂರು ಮೀಟರ್‌ಗೆ ಒಬ್ಬೊಬ್ಬರನ್ನು ನಿಲ್ಲಿಸಿ ನೋಡಿ.